ಸೋತವರ ಬೆಂಬಲಿಗರು ನವೆಂಬರಿನಲ್ಲಿ ಎತ್ತ ಹೋಗುತ್ತಾರೆ?

2016ರ ಏಪ್ರಿಲ್ 19ರಂದು ನ್ಯೂಯಾರ್ಕಿನಲ್ಲಿ ರಿಪಬ್ಲಿಕನ್ ಪ್ರೈಮರಿ ನಡೆದಾಗ ಡೊನಾಲ್ಡ್ ಟ್ರಂಪ್ ಅವರಿಗೆ ಸ್ವಂತ ಮನೆಯ ಎರಡು ಮತಗಳೇ ತಪ್ಪಿದವು. ಮಗಳು ಇವಾಂಕಾ, ಮಗ ಎರಿಕ್ ಇಬ್ಬರೂ ರಿಪಬ್ಲಿಕನ್ ಎಂದು ಹೆಸರು ನೋಂದಾಯಿಸಿರಲಿಲ್ಲ. ಪಕ್ಷ ಬದಲಿಸಿಕೊಳ್ಳುವ ಗಡುವು ಹಿಂದಿನ ಅಕ್ಟೋಬರಿನಲ್ಲೇ ಮುಗಿದಿತ್ತು. ಟ್ರಂಪ್ ಹೇಗೂ ಗೆದ್ದರು. ಅದೇ ದಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಬರ್ನಿ ಸ್ಯಾಂಡರ್ಸ್ ಅವರನ್ನು ತಡವಾಗಿ ಮೆಚ್ಚಿಕೊಂಡ ಪಕ್ಷೇತರ ಮತದಾರರೂ ಇದೇ ನಿಯಮದಿಂದ ಹೊರಗುಳಿದರು.

ನಮ್ಮಲ್ಲಿ ಬಿ ಫಾರಂ ಹೈಕಮಾಂಡಿನಿಂದ ಬರುತ್ತದೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನೂ ಮತದಾರರೇ ಪ್ರೈಮರಿಯಲ್ಲಿ ಹೇಳುತ್ತಾರೆ. ಆದರೆ ‘ಪಕ್ಷದ ಮತದಾರ’ ಎಂದರೆ ಯಾರು? ಸದಸ್ಯತ್ವದ ಶುಲ್ಕವಿಲ್ಲ, ಪಕ್ಷ ಅವರನ್ನು ಆರಿಸಿಕೊಳ್ಳುವುದೂ ಇಲ್ಲ. ನ್ಯೂಯಾರ್ಕಿನಲ್ಲಿ ಫಾರಂ ಮೇಲಿನ ಒಂದು ಗುರುತು ಸಾಕು. ಮಿಷಿಗನ್‌ನಲ್ಲಂತೂ ಪಕ್ಷವಾರು ನೋಂದಣಿಯೇ ಇಲ್ಲ, ಆ ದಿನ ಯಾವ ಪಕ್ಷದ ಮತಪತ್ರ ಕೇಳಿದಿರೋ ಅದೇ ನಿಮ್ಮ ಪಕ್ಷ. ಇಷ್ಟು ಸಲೀಸಾಗಿದ್ದರೂ ಬರುವವರು ಕಡಿಮೆ. ಎರಡೂ ಪಕ್ಷಗಳಲ್ಲಿ ಹಣಾಹಣಿ ಇದ್ದ 2016ರಲ್ಲೂ ಅಧ್ಯಕ್ಷೀಯ ಪ್ರೈಮರಿಗಳಿಗೆ ಬಂದದ್ದು ಅರ್ಹ ಮತದಾರರಲ್ಲಿ ಶೇ 28.5ರಷ್ಟು ಎಂದು ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದೆ. ಒಂದೇ ಪಕ್ಷ ಸದಾ ಗೆಲ್ಲುವ ಸಂಸತ್ ಕ್ಷೇತ್ರಗಳಲ್ಲಿ ಪ್ರೈಮರಿಯೇ ನಿಜವಾದ ಚುನಾವಣೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನಿಂದ ಅಮೆರಿಕದ ಸಂಸತ್ತಿಗೆ ಹೋದದ್ದು ಹೀಗೆ. ಪ್ರೈಮರಿಯಲ್ಲಿ ಸುಮಾರು ಶೇ 28ರಷ್ಟು ಮತ ಪಡೆದರು, ಉಳಿದವರ ಮತ ಚದುರಿತು, ನವೆಂಬರಿನ ಮುಖ್ಯ ಚುನಾವಣೆಯ ಗೆಲುವು ಬರೀ ಔಪಚಾರಿಕ.

ಅಧ್ಯಕ್ಷ ಸ್ಥಾನದ ಪೈಪೋಟಿ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಸೋತವರ ಬೆಂಬಲಿಗರು ಮುನಿಸಿಕೊಳ್ಳುತ್ತಾರೆ, ಪಂಡಿತರು ಟಿವಿಯಲ್ಲಿ ಕುಳಿತು ಒಳಏಟಿನ ಲೆಕ್ಕ ಶುರುಮಾಡುತ್ತಾರೆ. ಈ ಮುನಿಸಿನ ದೊಡ್ಡ ಕಥೆ 2008ರದು. ಆ ವರ್ಷ ಜನವರಿ 3ರ ರಾತ್ರಿ ಅಯೋವಾದಲ್ಲಿ, ಜನ ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಕಾಕಸ್‌ಗಳಿಗೆ ಸುಮಾರು 2.39 ಲಕ್ಷ ಜನ ಬಂದರು. ನಾಲ್ಕು ವರ್ಷ ಹಿಂದೆ ಬಂದವರು ಸುಮಾರು 1.24 ಲಕ್ಷ. ಮೈ ಕೊರೆಯುವ ಚಳಿಯಲ್ಲಿ ಶಾಲೆ, ಚರ್ಚುಗಳ ಹಾಲ್‌ಗಳು ಕಿಕ್ಕಿರಿದವು. ಬರಾಕ್ ಒಬಾಮ ಗೆದ್ದರು, ಐದೇ ದಿನಕ್ಕೆ ನ್ಯೂಹ್ಯಾಂಪ್‌ಶೈರ್‌ನಲ್ಲಿ ಹಿಲರಿ ಕ್ಲಿಂಟನ್ ತಿರುಗೇಟು ಕೊಟ್ಟರು, ಜಗಳ ಜೂನ್‌ವರೆಗೂ ಎಳೆಯಿತು. ರೇಡಿಯೊ ಮಾತುಗಾರ ರಷ್ ಲಿಂಬಾ, ಈ ಕಿತ್ತಾಟ ನಿಲ್ಲಬಾರದೆಂದು, ಹಿಲರಿಗೆ ಮತ ಹಾಕಿ ಬನ್ನಿ ಎಂದು ರಿಪಬ್ಲಿಕನ್ ಕೇಳುಗರನ್ನು ಅಟ್ಟಿದರು. ‘ಆಪರೇಷನ್ ಕೇಯಾಸ್’ ಎಂದು ಅದಕ್ಕೆ ಹೆಸರು ಬೇರೆ. (ನಮ್ಮ ಆಪರೇಷನ್‌ಗಳಲ್ಲಿ ಶಾಸಕರು ಪಕ್ಷ ದಾಟುತ್ತಾರೆ, ಇಲ್ಲಿ ದಾಟಿದ್ದು ಮತದಾರರು.)

ಆ ಮಾರ್ಚಿನ ಗ್ಯಾಲಪ್ ಸಮೀಕ್ಷೆಯಲ್ಲಿ, ಒಬಾಮ ಅಭ್ಯರ್ಥಿಯಾದರೆ ರಿಪಬ್ಲಿಕನ್ ಜಾನ್ ಮೆಕೇನ್‌ಗೆ ಮತ ಹಾಕುತ್ತೇವೆ ಎಂದು ಹಿಲರಿ ಬೆಂಬಲಿಗರಲ್ಲಿ ಶೇ 28 ಮಂದಿ ಹೇಳಿದ್ದರು. ನಿಯಮ ಮೀರಿ ಮತದಾನವನ್ನು ಮುಂಚಿತವಾಗಿ ನಡೆಸಿದ್ದ ಫ್ಲಾರಿಡಾ ಮತ್ತು ಮಿಷಿಗನ್‌ನ ಡೆಲಿಗೇಟುಗಳ (ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳ) ವಿಷಯದಲ್ಲಿ ಮೇ 31ರಂದು ಪಕ್ಷದ ಸಮಿತಿ ಸಭೆ ಸೇರಿದಾಗ ಹಿಲರಿಯ ಬೆಂಬಲಿಗರು ‘ಡೆನ್ವರ್, ಡೆನ್ವರ್’ ಎಂದು ಕೂಗಿದರು. ಅಂದರೆ, ಡೆನ್ವರಿನ ಸಮಾವೇಶದವರೆಗೂ ಬಿಡೆವು ಎಂದು.

ಆಗಸ್ಟ್ ಬಂತು. ಡೆನ್ವರಿನಲ್ಲಿ ಒಬಾಮ ಅವರನ್ನು ಸರ್ವಾನುಮತದಿಂದ ಆರಿಸೋಣ ಎಂದು ಸೂಚಿಸಿದವರು ಸ್ವತಃ ಹಿಲರಿ. ನವೆಂಬರಿನ ಎಕ್ಸಿಟ್ ಪೋಲ್ ಪ್ರಕಾರ ಹಿಲರಿ ಪರವಿದ್ದ ಡೆಮಾಕ್ರಟರಲ್ಲಿ ಶೇ 80ಕ್ಕೂ ಹೆಚ್ಚು ಜನ ಒಬಾಮಗೇ ಮತ ಹಾಕಿದ್ದರು. ಸೋರಿಕೆ ಇದಕ್ಕಿಂತ ಹೆಚ್ಚಿತ್ತು ಎನ್ನುವ ಅಧ್ಯಯನಗಳೂ ಇವೆ. ಹೆಚ್ಚಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ, ಏಕೆಂದರೆ ಒಳಗೆ ಬಂದವರು ಹೊರಗೆ ಹೋದವರಿಗಿಂತ ಬಹಳ ಮಂದಿ. ಇಂಡಿಯಾನಾದಲ್ಲಿ ಡೆಮಾಕ್ರಟರ ಪ್ರೈಮರಿ ಸಾಮಾನ್ಯವಾಗಿ ಶಾಸ್ತ್ರಕ್ಕೆ ನಡೆಯುವಂಥದ್ದು. ಆ ಮೇ ತಿಂಗಳಲ್ಲಿ ಮಾತ್ರ ಇಬ್ಬರೂ ಬೀದಿ ಬೀದಿ ಸುತ್ತಿ ಹೊಸ ಮತದಾರರನ್ನು ಪಟ್ಟಿಗೆ ಸೇರಿಸಿದರು. ನವೆಂಬರಿನಲ್ಲಿ, 1964ರ ನಂತರ ಮೊದಲ ಸಲ, ಆ ರಾಜ್ಯ ಡೆಮಾಕ್ರಟ್ ಅಭ್ಯರ್ಥಿಗೆ ಒಲಿಯಿತು. ಮನೆಜಗಳ ಪಕ್ಷಕ್ಕೆ ಲಾಭ ತಂದ ಅಪರೂಪದ ಪ್ರಸಂಗ.

ಹಾಗೆಂದು ಪ್ರೈಮರಿಯ ಜನಜಾತ್ರೆ ನೋಡಿ ನವೆಂಬರಿನ ಭವಿಷ್ಯ ಹೇಳಹೊರಟರೆ ಕೆಟ್ಟಂತೆ. 1988ರಲ್ಲಿ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ರಿಪಬ್ಲಿಕನ್ನರಿಗಿಂತ ಎಷ್ಟೋ ಹೆಚ್ಚು ಮತ ಬಿದ್ದಿತ್ತು. ಕೊನೆಗೆ ಅವರ ಅಭ್ಯರ್ಥಿ ಮೈಕೇಲ್ ಡುಕಾಕಿಸ್ ನಲವತ್ತು ರಾಜ್ಯಗಳಲ್ಲಿ ಸೋತರು.

ನನಗನ್ನಿಸುವುದು ಇಷ್ಟು: ವ್ಯಕ್ತಿಗಾಗಿ ಬಂದ ಮುನಿಸು ಬೇಸಿಗೆಯೊಳಗೆ ಆರುತ್ತದೆ, ವಿಷಯಕ್ಕಾಗಿ ಬಂದದ್ದು ಆರುವುದಿಲ್ಲ. 2024ರಲ್ಲಿ ಎರಡೂ ಅಕ್ಕಪಕ್ಕದಲ್ಲೇ ಕಂಡವು. ರಿಪಬ್ಲಿಕನ್ ಪೈಪೋಟಿಯಲ್ಲಿ ಟ್ರಂಪ್ ಎದುರಾಳಿಯಾಗಿದ್ದ ನಿಕ್ಕಿ ಹೇಲಿ ಮಾರ್ಚ್ 6ರಂದು ಕಣದಿಂದ ಸರಿದರು. ಆದರೂ ಏಪ್ರಿಲ್ ಕೊನೆಗೆ ಪೆನ್ಸಿಲ್ವೇನಿಯಾದಲ್ಲಿ, ಬರೀ ನೋಂದಾಯಿತ ರಿಪಬ್ಲಿಕನ್ನರೇ ಮತ ಹಾಕುವ ಪ್ರೈಮರಿಯಲ್ಲಿ, ಅವರಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಡೆಮಾಕ್ರಟರು ಈ ಮತಗಳ ಮೇಲೆ ಕಣ್ಣಿಟ್ಟು, ಟ್ರಂಪ್ ವಿರೋಧಿ ರಿಪಬ್ಲಿಕನ್ ಲಿಜ್ ಚೇನಿಯನ್ನು ಕರೆದುಕೊಂಡು ಊರೂರು ಸುತ್ತಿದರು. ಹೇಲಿ ಮಾತ್ರ ಜುಲೈನಲ್ಲೇ ಟ್ರಂಪ್ ವೇದಿಕೆ ಹತ್ತಿದ್ದರು. ನವೆಂಬರಿನಲ್ಲಿ ಪೆನ್ಸಿಲ್ವೇನಿಯಾ ಟ್ರಂಪ್ ಪಾಲಾಯಿತು.

ಮಿಷಿಗನ್‌ನದು ಬೇರೆ ಬಗೆ. ಗಾಜಾ ಯುದ್ಧದ ಬಗ್ಗೆ ಆಗಿನ ಅಧ್ಯಕ್ಷ ಜೋ ಬೈಡನ್ ಅವರ ನಿಲುವನ್ನು ವಿರೋಧಿಸಿದವರು ಫೆಬ್ರುವರಿ 27ರ ಪ್ರೈಮರಿಯಲ್ಲಿ ‘ಅನ್‌ಕಮಿಟೆಡ್’ ಎಂಬ, ನಮ್ಮ ನೋಟಾದಂಥ, ಆಯ್ಕೆಗೆ ಮತ ಹಾಕಲು ಕರೆಕೊಟ್ಟರು. ಅವರು ಹೇಳಿಕೊಂಡ ಗುರಿ ಹತ್ತು ಸಾವಿರ ಮತ, ಬಿದ್ದದ್ದು ಲಕ್ಷಕ್ಕೂ ಹೆಚ್ಚು. ಅರಬ್ ಮೂಲದವರು ಹೆಚ್ಚಿರುವ ಡಿಯರ್‌ಬಾರ್ನ್ ನಗರದಲ್ಲಿ ಅಧ್ಯಕ್ಷರಿಗಿಂತ ಈ ಆಯ್ಕೆಯೇ ಮುಂದೆ ಬಂತು. ಬೈಡನ್ ಬದಲು ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು, ನಿಲುವು ಬದಲಾಗಲಿಲ್ಲ. ಆಗಸ್ಟಿನ ಷಿಕಾಗೊ ಸಮಾವೇಶದಲ್ಲಿ ಪ್ಯಾಲೆಸ್ಟೀನ್ ಮೂಲದ ಒಬ್ಬರಿಗಾದರೂ ಮಾತನಾಡಲು ಅವಕಾಶ ಕೊಡಿ ಎಂದು ಈ ಗುಂಪಿನ ಡೆಲಿಗೇಟುಗಳು ಕೇಳಿದರು. ಸಿಗಲಿಲ್ಲ, ಹೊರಗೆ ಧರಣಿ ಕೂತರು. 2020ರಲ್ಲಿ ಬೈಡನ್‌ಗೆ ಭಾರೀ ಬಹುಮತ ಕೊಟ್ಟಿದ್ದ ಡಿಯರ್‌ಬಾರ್ನ್‌ನಲ್ಲಿ 2024ರಲ್ಲಿ ಟ್ರಂಪ್‌ಗೆ ಸುಮಾರು ಶೇ 42, ಕಮಲಾ ಹ್ಯಾರಿಸ್‌ಗೆ ಶೇ 36, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ ಶೇ 18ರಷ್ಟು ಮತ ಬಂತು.