ಕ್ರ್ಯಾಂಕ್‌ಪಿನ್ ಹೆರೆಯುವ ಕೈಸಾಧನ

ವಸ್ತುಸಂಸ್ಕೃತಿಯ ಅಧ್ಯಯನವು ನೇಗಿಲು, ತಿಗರಿಗಳಲ್ಲಿಯೇ ನಿಂತುಬಿಡುವುದುಂಟು. ಗ್ಯಾರೇಜಿನ ಕೈಸಾಧನಗಳೂ ಅದರ ವ್ಯಾಪ್ತಿಗೆ ಸೇರತಕ್ಕವು. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಕಾಲದ ಕ್ರ್ಯಾಂಕ್‌ಪಿನ್ ಹೆರೆಯುವ ಸಾಧನ ಇಂಥದೊಂದು.

ಕನೆಕ್ಟಿಂಗ್ ರಾಡಿನ ಒತ್ತಡ ಪಿನ್ನಿನ ಒಂದೇ ಪಾರ್ಶ್ವದ ಮೇಲೆ ಹೆಚ್ಚಾಗಿ ಬೀಳುವುದರಿಂದ ದುಂಡಗಿನ ಪಿನ್ನು ಕಾಲಕ್ರಮೇಣ ಅಂಡಾಕಾರವಾಗಿ ಸವೆಯುತ್ತದೆ, ಎಂಜಿನ್ನು ಬಡಿಯತೊಡಗುತ್ತದೆ. ಶಾಫ್ಟನ್ನು ಹೊರತೆಗೆಯಬೇಕಾದರೆ ಎಂಜಿನ್ನನ್ನೇ ಇಳಿಸಬೇಕು. ಅದನ್ನು ತಪ್ಪಿಸಲು, ತಳದ ಮುಚ್ಚಳ ತೆಗೆದು, ರಾಡನ್ನು ಪಿನ್ನಿನಿಂದ ಕಳಚಿ, ಎರಡು ಹೋಳಿನ ಈ ಸಾಧನವನ್ನು ಪಿನ್ನಿನ ಸುತ್ತ ಬಿಗಿದು ಕೈಯಿಂದ ತಿರುಗಿಸುತ್ತಿದ್ದರು. ಒಳಗಿನ ಅಲಗು ಸವೆಯದ ಪಾರ್ಶ್ವವನ್ನು ಸ್ವಲ್ಪಸ್ವಲ್ಪವಾಗಿ ಹೆರೆಯುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೈಕ್ರೋಮೀಟರಿನೊಂದಿಗೆ ಕೈಯೂ ತಿಳಿದಿರಬೇಕಿತ್ತು. ಬಳಿಕ ಕಿರಿದಾದ ಪಿನ್ನಿಗೆ ಬ್ಯಾಬಿಟ್ ಲೋಹದ ಬೇರಿಂಗನ್ನು ಹೊಂದಿಸಬೇಕು.

ಆದರೆ ಸಾಧನಕ್ಕೆ ಆಧಾರ ಸವೆದ ಪಿನ್ನೇ. ಹಾಗಾಗಿ ದುಂಡುತನ ಮರಳಿದರೂ ಪಿನ್ನಿನ ಅಕ್ಷ ಮೂಲಸ್ಥಾನಕ್ಕೆ ಬರುವ ಭರವಸೆಯಿರಲಿಲ್ಲ. ಶಾಫ್ಟನ್ನು ತುದಿಗಳಲ್ಲಿ ಹಿಡಿದು ಉಜ್ಜುವ ಗ್ರೈಂಡಿಂಗ್ ಯಂತ್ರಕ್ಕೆ ಈ ತೊಡಕಿಲ್ಲ.