ಅಗ್ರೀ ಟು ಡಿಸ್‌ಅಗ್ರೀ: ಒಮ್ಮತವಿಲ್ಲ ಎಂಬುದಕ್ಕೆ ಒಮ್ಮತ

ಕುರ್ಲಾ: ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಗಳು ನಡೆಯುವ ಕಾಲದಲ್ಲಿ ಒಂದು ಇಂಗ್ಲಿಷ್ ಮಾತು ಸಭಾಗೃಹಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಈ ಸಲ ಯಕ್ಷಗಾನವೋ ನಾಟಕವೋ, ಊಟ ಬಾಳೆ ಎಲೆಯಲ್ಲೋ ಬಫೆಯೋ ಎಂಬ ಚರ್ಚೆ ಒಂದು ತಾಸು ಎಳೆದ ಮೇಲೆ ಹಿರಿಯ ಸದಸ್ಯರೊಬ್ಬರು ಎದ್ದು, 'ಆಯಿತು ಮಾರಾಯ್ರೆ, ಅಗ್ರೀ ಟು ಡಿಸ್‌ಅಗ್ರೀ' ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ಚಹಾ ಬರುತ್ತದೆ. ಅರ್ಥ ಸರಳ: ನಿಮ್ಮದು ನಿಮಗೆ, ನಮ್ಮದು ನಮಗೆ, ವಾದ ಇಲ್ಲಿಗೆ ಸಾಕು, ಸಂಬಂಧ ಇರಲಿ.

ಈ ಮಾತು ಪ್ರಸಿದ್ಧಿಗೆ ಬಂದದ್ದು ಒಂದು ಸಾವಿನ ಸಂದರ್ಭದಲ್ಲಿ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ, ಜಾರ್ಜ್ ವಿಟ್‌ಫೀಲ್ಡ್ ಎಂಬ ಇಬ್ಬರು ಕ್ರೈಸ್ತ ಧರ್ಮಪ್ರಚಾರಕರಿದ್ದರು. (ಬೆಂಗಳೂರಿನ ವೈಟ್‌ಫೀಲ್ಡ್‌ಗೂ ಈತನಿಗೂ ನಂಟಿಲ್ಲ, ಆ ಹೆಸರು ಡಿ. ಎಸ್. ವೈಟ್ ಎಂಬವರಿಂದ ಬಂದದ್ದು.) ಆಕ್ಸ್‌ಫರ್ಡ್ ದಿನಗಳಿಂದಲೇ ಸ್ನೇಹಿತರು. ಆದರೆ ಮೋಕ್ಷ ಯಾರಿಗೆಂದು ದೇವರು ಮೊದಲೇ ನಿರ್ಧರಿಸಿದ್ದಾನೆ ಎಂದು ವಿಟ್‌ಫೀಲ್ಡ್, ಕೃಪೆಯ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ವೆಸ್ಲಿ. ಉಡುಪಿ ಕಡೆಯವರಿಗೆ ಇಂಥ ಚರ್ಚೆ ಹೊಸತೇನಲ್ಲ. 1739ರಲ್ಲಿ ವೆಸ್ಲಿ ತನ್ನ ಪ್ರವಚನವನ್ನು ಅಚ್ಚು ಹಾಕಿಸಿದ. ವಿಟ್‌ಫೀಲ್ಡ್ ಬಹಿರಂಗ ಪತ್ರದಲ್ಲೇ ಉತ್ತರ ಕೊಟ್ಟ. ಅನುಯಾಯಿಗಳು ಎರಡು ಪಾಲಾದರು.

ಕಾಲಕ್ರಮೇಣ ಇಬ್ಬರ ಮನಸ್ಸು ತಿಳಿಯಾಯಿತು, ಮತ ಮಾತ್ರ ಬದಲಾಗಲಿಲ್ಲ. ಶಾಂತಿಯಿಂದ ಬಾಳಬೇಕಾದವರು ಹಲವು ವಿಷಯಗಳಲ್ಲಿ ಭಿನ್ನವಾಗಿರಲು ಒಪ್ಪಿಕೊಳ್ಳಬೇಕು ಎಂದು ವಿಟ್‌ಫೀಲ್ಡ್ 1750ರ ಪತ್ರವೊಂದರಲ್ಲಿ ಬರೆದಿದ್ದಾನೆ. 1770ರ ಸೆಪ್ಟೆಂಬರ್ 30ರಂದು ಆತ ಅಮೆರಿಕದಲ್ಲಿ ತೀರಿಕೊಂಡಾಗ, ನವೆಂಬರ್ 18ರಂದು ಲಂಡನ್ನಿನಲ್ಲಿ ಸ್ಮರಣ ಪ್ರವಚನ ನೀಡಿದ್ದು ಅದೇ ವೆಸ್ಲಿ. ಅಷ್ಟು ಮುಖ್ಯವಲ್ಲದ ಸಿದ್ಧಾಂತಗಳಲ್ಲಿ 'ಅಗ್ರೀ ಟು ಡಿಸ್‌ಅಗ್ರೀ' ಆಗಬಹುದು, ಮೂಲ ವಿಷಯಗಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದ. ಮಾತಿನ ಈ ಎರಡನೇ ಅರ್ಧ ಸಭೆಗಳಲ್ಲಿ ಯಾರಿಗೂ ನೆನಪಿಗೆ ಬರುವುದಿಲ್ಲ!

ಇಂಗ್ಲಿಷರಿಗಿಂತ ಸುಮಾರು ಒಂಬೈನೂರು ವರ್ಷ ಮೊದಲೇ ಕನ್ನಡದಲ್ಲಿ ಈ ವಿಚಾರ ಬಂದಿದೆ. 9ನೇ ಶತಮಾನದ 'ಕವಿರಾಜಮಾರ್ಗ'ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವ ಶಕ್ತಿಯನ್ನೇ ನಿಜವಾದ ಬಂಗಾರವೆಂದು ಕರೆದಿದೆ.

ಮುಂಬಯಿ ಕನ್ನಡಿಗರಿಗೆ ಇದು ಬರೀ ಪುಸ್ತಕದ ಮಾತಲ್ಲ. ಗಡಿ ವಿವಾದಕ್ಕೆ 1960ರಲ್ಲಿ ಎರಡೂ ರಾಜ್ಯಗಳ ತಲಾ ಇಬ್ಬರನ್ನು ಸೇರಿಸಿ ನಾಲ್ವರ ಸಮಿತಿ ಮಾಡಿದರು. ಒಮ್ಮತ ಮೂಡದೆ ವರದಿಗಳು ಬೇರೆ ಬೇರೆಯಾದವು. 1966ರಲ್ಲಿ ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಶಿಫಾರಸೂ ಕಾಗದದಲ್ಲೇ ಉಳಿಯಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಇತ್ತ ಕುರ್ಲಾದ ಚಾಳುಗಳಲ್ಲಿ ಮರಾಠಿ ಮನೆ, ಕನ್ನಡ ಮನೆ ಗೋಡೆಗೆ ಗೋಡೆ ತಾಗಿಕೊಂಡಿವೆ. ಬೆಳಗಾವಿಯ ಸುದ್ದಿ ಟಿವಿಯಲ್ಲಿ ಬಂದ ಸಂಜೆ ಎರಡೂ ಕಡೆ ಸ್ವರ ತಗ್ಗುತ್ತದೆ. ಮರುದಿನ ಬೆಳಗ್ಗೆ ನಳ್ಳಿ ನೀರಿಗೆ ಒಂದೇ ಸಾಲು. ಯಾರೂ ಅಭಿಪ್ರಾಯ ಬದಲಿಸಿದ್ದಿಲ್ಲ, ಯಾರೂ ಕೊಡ ಎತ್ತಿ ಇಟ್ಟದ್ದೂ ಇಲ್ಲ.

ಆದರೆ ಈ ಮಾತನ್ನು ಎಲ್ಲೆಂದರಲ್ಲಿ ಉಪಯೋಗಿಸುವಂತಿಲ್ಲ. ಯಕ್ಷಗಾನ, ನಾಟಕ ಅಭಿಪ್ರಾಯದ ವಿಷಯ. ಕಟ್ಟಡ ನಿಧಿಗೆ ಬಂದ ಹಣ, ಪಾಸ್‌ಬುಕ್ಕಿನಲ್ಲಿರುವ ಶಿಲ್ಕು ಹಾಗಲ್ಲ. ಎರಡು ಅಂಕಿ ತಾಳೆಯಾಗದಿದ್ದರೆ ಒಂದು ತಪ್ಪಾಗಿರಲೇಬೇಕು. ಅಲ್ಲಿ ನಗುತ್ತಾ ಚಹಾ ತರಿಸುವ ಬದಲು ಆಕ್ಷೇಪವನ್ನು ಹೆಸರು ಸಮೇತ ನಡವಳಿ ಪುಸ್ತಕದಲ್ಲಿ ದಾಖಲಿಸಿ, ವೋಚರುಗಳನ್ನು ಮೇಜಿನ ಮೇಲೆ ತರಿಸುವುದೇ ಸರಿ. ಚಹಾ ಆಮೇಲೆ ಕುಡಿದರಾಯಿತು.