ತಂತಿಯ ಹೊದಿಕೆ ಸುಲಿಯುವಾಗ ತಾಮ್ರಕ್ಕೆ ಗಾಯ ಬೇಡ

ಪ್ಲಗ್ಗಿಗೆ ತಂತಿ ಜೋಡಿಸಲು ಅದರ ತುದಿಯ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿಯಬೇಕಷ್ಟೆ. ಹೊದಿಕೆಯ ಜೊತೆಗೆ ನಾಲ್ಕಾರು ತಾಮ್ರದ ಎಳೆಗಳೂ ಕಿತ್ತು ಬಂದರೆ 'ಉಳಿದವು ಸಾಕು ಬಿಡಿ' ಎನ್ನುವವರೇ ಹೆಚ್ಚು. ಸಾಕೇ? ಲೆಕ್ಕ ಹಾಕಿ ನೋಡೋಣ.

1.5 ಚದರ ಮಿ.ಮೀ. ತಂತಿಯ ಒಂದು ಬಗೆಯಲ್ಲಿ 0.3 ಮಿ.ಮೀ. ವ್ಯಾಸದ 22 ಎಳೆಗಳಿರುತ್ತವೆ. ಇವುಗಳಲ್ಲಿ 7 ತುಂಡಾದವೆನ್ನಿ. ಉಳಿದ 15 ಎಳೆಗಳ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1.06 ಚದರ ಮಿ.ಮೀ. ತಾಮ್ರದ ರೋಧಶೀಲತೆ 1.7 × 10⁻⁸ ಓಮ್-ಮೀಟರ್. ಹೀಗೆ ಸೊರಗಿದ ಭಾಗದ ಉದ್ದ 2 ಮಿ.ಮೀ. ಆದರೆ ಅದರ ರೋಧ ಸುಮಾರು 0.00003 ಓಮ್. 10 ಆಂಪೇರ್ ಹರಿದಾಗ ಅಲ್ಲಿ ಹುಟ್ಟುವ ಉಷ್ಣ ಕೇವಲ 0.003 ವಾಟ್; ಅದೂ ಪಕ್ಕದ ತಾಮ್ರಕ್ಕೆ ಹರಿದುಹೋಗುತ್ತದೆ. 'ಎಳೆ ಕಡಿಮೆಯಾದಲ್ಲೇ ತಂತಿ ಕಾಯುತ್ತದೆ' ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಅಪಾಯವಿರುವುದು ಸ್ಕ್ರೂ ಕೆಳಗೆ. ಸೊರಗಿದ ಎಳೆಗಂತೆಯನ್ನು ಸ್ಕ್ರೂ ಸರಿಯಾಗಿ ಅದುಮಲಾರದು. ಬ್ಲೇಡಿನ ಗೀರು ಬಿದ್ದ ಎಳೆಗಳು ಬಾಗಿದಾಗಲೆಲ್ಲ ಗೀರಿನ ಬುಡದಲ್ಲೇ ಬಿರುಕು ಬೆಳೆದು, ಒಂದೊಂದಾಗಿ ಮುರಿಯುತ್ತವೆ. ಜೋಡಣೆ ಸಡಿಲಾಗಿ ಸಂಪರ್ಕದ ರೋಧ 0.05 ಓಮ್‌ಗೆ ಏರಿತೆಂದು ಭಾವಿಸಿ. ಅದೇ 10 ಆಂಪೇರ್‌ಗೆ ಈಗ 5 ವಾಟ್ ಉಷ್ಣ! ಅದೆಲ್ಲ ಪ್ಲಗ್ಗಿನೊಳಗೆ ಒಂದೇ ಬಿಂದುವಿನಲ್ಲಿ. ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಪ್ರವಾಹ ಹೆಚ್ಚಿಲ್ಲವಾದ್ದರಿಂದ ಫ್ಯೂಸಿಗೆ ಇದು ತಿಳಿಯುವುದೇ ಇಲ್ಲ.

ಸುಲಿಯುವ ಮೊದಲು ತಂತಿಗೆ ವಿದ್ಯುತ್ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಳ್ಳಿ. ವೈರ್ ಸ್ಟ್ರಿಪ್ಪರ್‌ನಲ್ಲಿ ತಂತಿಯ ಅಳತೆಗೆ ಒಪ್ಪುವ ತೂತನ್ನೇ ಆರಿಸಿ. ಬ್ಲೇಡು ಬಳಸುವುದಾದರೆ ಹೊದಿಕೆಯನ್ನು ಪೂರ್ತಿ ಕೊಯ್ಯಬೇಡಿ. ಸುತ್ತ ತೆಳುವಾಗಿ ಗೀರಿ, ಅಲ್ಲಿ ಬಾಗಿಸಿದರೆ ಪ್ಲಾಸ್ಟಿಕ್ ತಾನೇ ಬಿರಿಯುತ್ತದೆ. ಎಳೆಗಳು ಹೊಸೆದಿರುವ ದಿಕ್ಕಿನಲ್ಲೇ ತಿರುಚುತ್ತ ಎಳೆಯಿರಿ. ಸ್ಕ್ರೂ ಕೆಳಗೆ ಪ್ಲಾಸ್ಟಿಕ್ ಸಿಕ್ಕಿಕೊಳ್ಳಬಾರದು, ಹೊರಗೆ ತಾಮ್ರ ಇಣುಕಬಾರದು. ಅಷ್ಟೇ ಉದ್ದ ಸುಲಿಯಿರಿ. ಎಳೆಗಳು ಕಡಿದಿದ್ದರೆ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿಯುವುದೇ ಸರಿ. ಹೋಗುವುದು ಒಂದು ಅಂಗುಲ ತಂತಿ ತಾನೆ?

ಹಲ್ಲಿನಿಂದ ಕಚ್ಚಿ ಸುಲಿಯುವವರ ಬಗ್ಗೆ ದಂತವೈದ್ಯರೇ ಹೇಳಲಿ. ಬೆಂಕಿಕಡ್ಡಿ ಗೀರಿ ಸುಡುವುದಂತೂ ಬೇಡವೇ ಬೇಡ. ಪಿವಿಸಿ ಸುಟ್ಟಾಗ ಹೈಡ್ರೊಜನ್ ಕ್ಲೋರೈಡ್ ಹೊಮ್ಮುತ್ತದೆ. ಅದು ತೇವದೊಡನೆ ಆಮ್ಲವಾಗಿ ಶ್ವಾಸಕೋಶವನ್ನೂ ತಾಮ್ರವನ್ನೂ ಕೆಡಿಸುತ್ತದೆ. ಎಳೆಗಳ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಬಿಗಿಯುವುದೂ ಒಳ್ಳೆಯದಲ್ಲ. ಬೆಸುಗೆಯ ಲೋಹ ಮೃದು. ಒತ್ತಡಕ್ಕೆ ನಿಧಾನವಾಗಿ ಜರುಗಿ ಜೋಡಣೆ ಸಡಿಲವಾಗುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಬಹುದು. ಒಂಟಿ ಎಳೆಯ ತಾಮ್ರದ ತಂತಿಯ ಎರಡು ತುಂಡು ತೆಗೆದುಕೊಂಡು ಒಂದರ ಮೇಲೆ ಬ್ಲೇಡಿನಿಂದ ಗೀರಿ. ಎರಡನ್ನೂ ಒಂದೇ ಕೋನಕ್ಕೆ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ, ಮುರಿಯುವವರೆಗಿನ ಸಂಖ್ಯೆಯನ್ನು ವಿದ್ಯಾರ್ಥಿಗಳಿಂದಲೇ ಎಣಿಸಿ.